ಲೋಹಕ್ಕೆ ರೆಕ್ಕೆ ಕಟ್ಟಿದ ಲುಡ್ವಿಗ್ ಮಾಂಡ್

ರಾಜಾಜಿನಗರದಿಂದ ಕಾಮಾಕ್ಷಿಪಾಳ್ಯದತ್ತ ನಡೆದುಹೋಗುವವರಿಗೆ ಲೋಹದ ಸಾಮಾನುಗಳಿಗೆ ಹೊಳಪು ಕೊಡುವ ಸಣ್ಣ ಸಣ್ಣ ಕಾರ್ಖಾನೆಗಳು ಹೊಸವೇನಲ್ಲ. ಮಂಕಾಗಿ ಒಳಹೋದ ಕಬ್ಬಿಣದ ಬಿಡಿಭಾಗ ಕನ್ನಡಿಯಂತೆ ಥಳಥಳಿಸುತ್ತ ಹೊರಬರುತ್ತದೆ. ಮೇಲಿನ ಪದರ ಕ್ರೋಮಿಯಮ್ಮಿನದಾದರೂ ಅದರ ಅಡಿಯಲ್ಲಿ ತುಕ್ಕನ್ನು ತಡೆದು ನಿಂತಿರುವುದು ಸಾಮಾನ್ಯವಾಗಿ ನಿಕಲ್ ಎಂಬ ಬಿಳಿಯ ಲೋಹ. ಹಿರಿಯರ ಮನೆಯ ಪೆಟ್ಟಿಗೆಯಲ್ಲಿ 1947ನೆಯ ಇಸವಿಯ, ಹುಲಿಯ ಚಿತ್ರವುಳ್ಳ ಒಂದು ರೂಪಾಯಿಯ ನಾಣ್ಯವಿದ್ದರೆ ಅದರ ಬಳಿ ಅಯಸ್ಕಾಂತವನ್ನು ಹಿಡಿದು ನೋಡಬಹುದು. ನಾಣ್ಯ ಅಂಟಿಕೊಳ್ಳುತ್ತದೆ, ಬೆಳ್ಳಿಯಾಗಿದ್ದರೆ ಅಂಟುತ್ತಿರಲಿಲ್ಲ. ಅದು ನಿಕಲ್. ಸುಮಾರು 1,455 ಡಿಗ್ರಿ ಸೆಂಟಿಗ್ರೇಡ್ ತಾಪಕ್ಕೆ ಕಾಯಿಸಿದಲ್ಲದೆ ಕರಗದ ಇಂತಹ ಗಟ್ಟಿ ಲೋಹವು ಸ್ನಾನದ ನೀರಿಗಿಂತ ತುಸು ಹೆಚ್ಚಿನ ಬಿಸಿಯಲ್ಲಿ ಗಾಳಿಯಂತೆ ಹಾರಿಹೋಗಬಲ್ಲುದೆಂದರೆ ಯಾರು ನಂಬಿಯಾರು? ಹಾಗೆ ಹಾರಿಸಿ, ಮತ್ತೆ ಹಿಡಿದು, ಅದರಿಂದ ಅಪಾರವಾದ ಸಂಪತ್ತನ್ನು ಗಳಿಸಿ, ಆ ಸಂಪತ್ತಿನ ಬಹುಭಾಗವನ್ನು ವಿದ್ಯೆಗೆ ಮುಡಿಪಿಟ್ಟವನು ಲುಡ್ವಿಗ್ ಮಾಂಡ್.

ಕನ್ನಡ ಪಂಡಿತನಾದ ನನಗೆ ರಸಾಯನಶಾಸ್ತ್ರದಲ್ಲಿ ಅಧಿಕಾರವಿಲ್ಲ. ನಮ್ಮ ವಿಜ್ಞಾನಾಧ್ಯಾಪಕ ಮಿತ್ರರೊಡನೆ ಪಾರಿಭಾಷಿಕ ಪದಗಳನ್ನು ಕುರಿತು ಮಾತನಾಡುತ್ತಿದ್ದಾಗ ಈ ಮಹನೀಯನ ಹೆಸರು ಬಂದಿತು. ಅವನ ಚರಿತ್ರೆಯನ್ನು ತಿಳಿಯುತ್ತ ಹೋದಂತೆ, ಕಾಯಕ ಮತ್ತು ದಾಸೋಹಗಳನ್ನು ಉಸಿರಾಗಿಸಿಕೊಂಡ ಶ್ರೀಮಠದ ಆಶ್ರಯದಲ್ಲಿ ಹೊರಡುವ ಈ ಸಂಚಿಕೆಗೆ ಇದು ಅನ್ಯವಾದ ವಿಷಯವಲ್ಲವೆಂದು ತೋರಿತು. ಆತನ ಬಾಳಿನಲ್ಲಿ ಹೊಗಳಿ ಮುಗಿಸಲಾಗದ ಒಂದು ಅಧ್ಯಾಯವೂ ಉಂಟು. ಅದನ್ನು ಬಿಟ್ಟು ಬರೆಯಬಾರದೆಂದು ನಿಶ್ಚಯಿಸಿಯೇ ಲೇಖನಿಯನ್ನು ಹಿಡಿದಿದ್ದೇನೆ.

ಮಾಂಡ್ ಜನಿಸಿದುದು 1839ನೆಯ ಮಾರ್ಚ್ 7ರಂದು, ಜರ್ಮನಿಯ ಕಾಸೆಲ್ ನಗರದ ಒಂದು ಯಹೂದಿ ಕುಟುಂಬದಲ್ಲಿ. ಊರಿನ ತಾಂತ್ರಿಕ ಶಾಲೆಯಲ್ಲಿ ಓದಿ, ತರುವಾಯ ಮಾರ್‌ಬುರ್ಗ್‌ನಲ್ಲಿ ಹರ್ಮನ್ ಕೋಲ್ಬೆಯ ಬಳಿಯಲ್ಲಿಯೂ ಹೈಡೆಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸನ್‌ನ ಬಳಿಯಲ್ಲಿಯೂ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದನು. ಬುನ್ಸನ್ನನ ಹೆಸರು ನಮ್ಮ ಮಕ್ಕಳಿಗೆ ಅಪರಿಚಿತವಲ್ಲ. ಶಾಲೆಯ ಪ್ರಯೋಗಾಲಯದ ಮೇಜಿನ ಮೇಲೆ ನೀಲಿಯ ಜ್ವಾಲೆಯನ್ನು ಉಗುಳುವ ದೀಪಕ್ಕೆ ಆತನದೇ ಹೆಸರು. ಮಹಾಗುರುಗಳಿಬ್ಬರ ಶಿಷ್ಯನಾದರೂ ಮಾಂಡ್ ಪದವಿಯನ್ನು ಪಡೆಯಲಿಲ್ಲ. ವಿಶ್ವವಿದ್ಯಾನಿಲಯವನ್ನು ನಡುವೆಯೇ ಬಿಟ್ಟು ಕಾರ್ಖಾನೆಗಳಿಗೆ ಹೋದನು. ಪದವಿಯಿಲ್ಲದ ಈ ವಿದ್ಯಾರ್ಥಿ ಮುಂದೊಂದು ದಿನ ತಾನು ಬಿಟ್ಟುಹೋದ ವಿಶ್ವವಿದ್ಯಾನಿಲಯಕ್ಕೇ ದಾನಿಯಾಗುವನೆಂದು ಆಗ ಯಾರೂ ಎಣಿಸಿರಲಾರರು.

1862ರಲ್ಲಿ ಅವನು ಇಂಗ್ಲೆಂಡಿಗೆ ಬಂದು ವಿಡ್ನೆಸ್ ಎಂಬ ಊರಿನ ಹಚಿನ್ಸನ್ ಕಾರ್ಖಾನೆಯನ್ನು ಸೇರಿದನು. ಅಲ್ಲಿ ಉಪ್ಪಿನಿಂದ ಸೋಡಾ ತಯಾರಿಸುತ್ತಿದ್ದರು. ಬಟ್ಟೆಗೂ ಗಾಜಿಗೂ ಸಾಬೂನಿಗೂ ಬೇಕಾದ ಆ ಸೋಡಾ ಲಬ್ಲಾಂಕ್ ಎಂಬ ಫ್ರೆಂಚನ ವಿಧಾನದಿಂದ ಸಿದ್ಧವಾಗುತ್ತಿದ್ದಿತು. ಸೋಡಾದ ಜೊತೆಗೆ ಕಾರ್ಖಾನೆಯ ಹಿತ್ತಿಲಿನಲ್ಲಿ ಬೆಟ್ಟದಂತೆ ಬೆಳೆಯುತ್ತಿದ್ದುದು ಗಂಧಕ ತುಂಬಿದ ಕಸ. ಮಳೆ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ ಊರಿಗೆಲ್ಲ ಹರಡುತ್ತಿದ್ದಿತು. ಆ ಕಸದಿಂದ ಗಂಧಕವನ್ನು ಮರಳಿ ಪಡೆಯುವ ಉಪಾಯವೇ ಮಾಂಡನ ಮೊದಲ ಸಾಧನೆ. ಇತರರು ಎಸೆದುದನ್ನು ಇವನು ಎತ್ತಿಕೊಂಡು ನೋಡಿದನು. ಇದು ಅವನ ಸ್ವಭಾವವೇ ಆಗಿದ್ದಿತೆಂಬುದು ಮುಂದೆ ಸ್ಪಷ್ಟವಾಗುತ್ತದೆ. ನಡುವೆ ಕೆಲಕಾಲ ಹಾಲೆಂಡಿನ ಯೂಟ್ರೆಕ್ಟ್‌ನಲ್ಲಿ ದುಡಿದು, 1866ರಲ್ಲಿ ತನ್ನ ಬಂಧುವೇ ಆದ ಫ್ರೀಡಾ ಎಂಬಾಕೆಯನ್ನು ವರಿಸಿ, 1867ರಲ್ಲಿ ಮತ್ತೆ ವಿಡ್ನೆಸ್‌ಗೆ ಬಂದನು. ರಾಬರ್ಟ್ ಮತ್ತು ಆಲ್‌ಫ್ರೆಡ್ ಎಂದು ಇಬ್ಬರು ಗಂಡುಮಕ್ಕಳಾದರು.

ವಿಡ್ನೆಸ್‌ನಲ್ಲಿಯೇ ಅವನಿಗೆ ಜಾನ್ ಬ್ರನ್ನರ್ ಎಂಬ ಗೆಳೆಯನು ದೊರೆತನು. ಬ್ರನ್ನರ್ ಸ್ವಿಟ್ಸರ್ಲೆಂಡಿನಿಂದ ಬಂದ ಶಾಲಾಮಾಸ್ತರನೊಬ್ಬನ ಮಗ. ಅದೇ ಕಾರ್ಖಾನೆಯ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಒಬ್ಬನಿಗೆ ರಸಾಯನ, ಇನ್ನೊಬ್ಬನಿಗೆ ವ್ಯವಹಾರ. ಬೆಲ್ಜಿಯಮ್ಮಿನ ಅರ್ನೆಸ್ಟ್ ಸಾಲ್ವೆ ಎಂಬುವನು ಉಪ್ಪುನೀರು, ಅಮೋನಿಯಾ ಮತ್ತು ಇಂಗಾಲಾಮ್ಲ ಅನಿಲಗಳಿಂದ ಸೋಡಾ ತಯಾರಿಸುವ ಹೊಸ ಮಾರ್ಗವನ್ನು ಕಂಡುಹಿಡಿದಿದ್ದನು. ಮಾಂಡ್ 1872ರಲ್ಲಿ ಅವನನ್ನು ಕಂಡು ಅನುಮತಿಯನ್ನು ಪಡೆದನು. 1873ರಲ್ಲಿ ಗೆಳೆಯರಿಬ್ಬರೂ ಸೇರಿ ಚೆಷೈರ್ ಪ್ರಾಂತದ ವಿನ್ನಿಂಗ್ಟನ್‌ನಲ್ಲಿ ಒಂದು ಹಳೆಯ ಬಂಗಲೆಯನ್ನೂ ಅದರ ಸುತ್ತಣ ಭೂಮಿಯನ್ನೂ ಕೊಂಡರು. ಆ ಬಂಗಲೆ ಅದಕ್ಕೆ ಹಿಂದೆ ಹೆಣ್ಣುಮಕ್ಕಳ ಪಾಠಶಾಲೆಯಾಗಿದ್ದಿತು. ಪಾಠಶಾಲೆಯ ಮಗ್ಗುಲಲ್ಲಿ ಸೋಡಾ ಕಾರ್ಖಾನೆ ಎದ್ದಿತೆಂದು ಕೇಳಿದರೆ ಅಧ್ಯಾಪಕನಾದವನಿಗೆ ಸ್ವಲ್ಪ ಖೇದವಾಗುತ್ತದೆ. ಇರಲಿ.

ಮೊದಲ ಕೆಲವು ವರ್ಷಗಳು ಕಷ್ಟದಲ್ಲಿಯೇ ಕಳೆದವು. ಯಂತ್ರಗಳು ಕೆಟ್ಟವು, ಕೊಳವೆಗಳು ಕಟ್ಟಿದವು, ಹಣ ಸೋರಿತು. ಕಾರ್ಖಾನೆಗೆ ತಾಗಿದ ಮನೆಯಲ್ಲಿಯೇ ವಾಸವಿದ್ದ ಮಾಂಡ್ ದೋಷಗಳನ್ನು ಒಂದೊಂದಾಗಿ ತಿದ್ದಿದನು. 1881ರಲ್ಲಿ ಪಾಲುದಾರಿಕೆ ಬ್ರನ್ನರ್ ಮಾಂಡ್ ಕಂಪನಿಯಾಗಿ, ಮುಂದೆ ಜಗತ್ತಿನ ದೊಡ್ಡ ಸೋಡಾ ಉದ್ಯಮಗಳ ಸಾಲಿಗೆ ಸೇರಿತು. ಆ ಕಾಲದ ಧಣಿಗಳಲ್ಲಿ ಅಪರೂಪವೆನ್ನಬೇಕಾದ ಎರಡು ಕಾರ್ಯಗಳನ್ನು ಈ ಕಂಪನಿ ಮಾಡಿತು. 1884ರಲ್ಲಿ ಕೆಲಸಗಾರರಿಗೆ ಸಂಬಳಸಹಿತವಾದ ವಾರ್ಷಿಕ ರಜೆಯನ್ನು ಕೊಟ್ಟಿತು. 1889ರಲ್ಲಿ 12 ಗಂಟೆಗಳ ಪಾಳಿಯನ್ನು 8 ಗಂಟೆಗೆ ಇಳಿಸಿತು. ಕೆಲಸಗಾರನ ದೇಹವೂ ದೇಹವೇ ಎಂಬ ಅರಿವು ಈ ಗೆಳೆಯರಿಗೆ ಇದ್ದಿತೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ನಿಕಲ್ಲಿನ ಕಥೆ. ಸಾಲ್ವೆಯ ವಿಧಾನದಲ್ಲಿ ಉಪ್ಪಿನೊಳಗಿನ ಕ್ಲೋರಿನ್ ಯಾರಿಗೂ ಬೇಡವಾದ ಸುಣ್ಣದ ಲವಣವಾಗಿ ಹೊಳೆಯ ಪಾಲಾಗುತ್ತಿದ್ದಿತು. ಲಬ್ಲಾಂಕ್ ವಿಧಾನದವರಾದರೋ ಅದೇ ಕ್ಲೋರಿನ್ನಿನಿಂದ ಬಟ್ಟೆ ಬಿಳುಪು ಮಾಡುವ ಪುಡಿಯನ್ನು ತಯಾರಿಸಿ ಮಾರುತ್ತಿದ್ದರು. ವ್ಯರ್ಥವಾಗುವುದನ್ನು ಕಂಡು ಸುಮ್ಮನಿರುವವನಲ್ಲ ಮಾಂಡ್. ಅಮೋನಿಯಂ ಕ್ಲೋರೈಡ್, ಎಂದರೆ ನಮ್ಮ ನವಸಾಗರವನ್ನು ಕಾಯಿಸಿ ಆವಿ ಮಾಡಿ, ಆ ಆವಿಯನ್ನು ಲೋಹಭಸ್ಮಗಳ ಮೇಲೆ ಹಾಯಿಸಿ, ಅಮೋನಿಯಾವನ್ನೂ ಕ್ಲೋರಿನ್ನನ್ನೂ ಬೇರೆ ಬೇರೆಯಾಗಿ ಪಡೆಯುವ ಯೋಜನೆಯನ್ನು ಹೂಡಿದನು. ನವಸಾಗರದ ಬಿಸಿ ಆವಿ ಬಹಳ ತೀಕ್ಷ್ಣವಾದುದು. ಸಾಮಾನ್ಯ ಲೋಹಗಳನ್ನು ತಿಂದುಹಾಕುತ್ತದೆ. ಆದಕಾರಣ ಕೊಳವೆಗಳ ಕವಾಟಗಳನ್ನು ನಿಕಲ್ಲಿನಿಂದ ಮಾಡಿಸಿದನು. ಪ್ರಯೋಗಾಲಯದಲ್ಲಿ ನಿಕಲ್ಲಿಗೆ ಏನೂ ಆಗಿರಲಿಲ್ಲ. ಕಾರ್ಖಾನೆಯಲ್ಲಿ ಮಾತ್ರ ಕವಾಟಗಳು ಸೋರತೊಡಗಿದವು. ಅವುಗಳ ಮೈಮೇಲೆ ಕರಿಯ ಮಸಿ ಕಟ್ಟಿದ್ದಿತು.

ಕವಾಟ ಸೋರಿದರೆ ಬದಲಾಯಿಸುವುದು ಲೋಕರೂಢಿ. ಪ್ರಯೋಗಾಲಯದಲ್ಲಿ ಕೆಡದ ಲೋಹ ಕಾರ್ಖಾನೆಯಲ್ಲಿ ಏಕೆ ಕೆಟ್ಟಿತೆಂದು ಕೇಳುವುದು ವಿರಳ. ಮಾಂಡ್ ಕೇಳಿದನು. ಅಮೋನಿಯಾವನ್ನು ಹೊರದೂಡಲು ಕಾರ್ಖಾನೆಯಲ್ಲಿ ಬಳಸುತ್ತಿದ್ದ ಅನಿಲ ಸುಣ್ಣದ ಗೂಡಿನಿಂದ ಬಂದುದು. ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕಾರ್ಬನ್ ಮಾನಾಕ್ಸೈಡ್ ಬೆರೆತಿದ್ದಿತು. ಅರೆಬರೆ ಉರಿದ ಇದ್ದಿಲಿನಿಂದ ಹುಟ್ಟುವ, ಮುಚ್ಚಿದ ಕೋಣೆಯಲ್ಲಿ ಮಲಗಿದವರ ಪ್ರಾಣವನ್ನು ಸದ್ದಿಲ್ಲದೆ ಒಯ್ಯುವ ವಿಷಾನಿಲವೇ ಅದು. ಹಾಗಾದರೆ ಈ ಅನಿಲಕ್ಕೂ ನಿಕಲ್ಲಿಗೂ ಏನು ಸಂಬಂಧ?

1884ರಲ್ಲಿಯೇ ಮಾಂಡ್ ಲಂಡನ್ನಿಗೆ ವಾಸವನ್ನು ಬದಲಾಯಿಸಿದ್ದನು. ಅಲ್ಲಿನ ಮನೆಯ ಪ್ರಯೋಗಾಲಯದಲ್ಲಿ ಕಾರ್ಲ್ ಲಾಂಗರ್ ಮತ್ತು ಫ್ರೀಡ್ರಿಕ್ ಕ್ವಿಂಕೆ ಎಂಬ ಇಬ್ಬರು ಸಹಾಯಕರೊಡನೆ ಪರೀಕ್ಷೆ ಆರಂಭವಾಯಿತು. ನುಣುಪಾದ ನಿಕಲ್ ಪುಡಿಯನ್ನು ಗಾಜಿನ ನಳಿಕೆಯಲ್ಲಿಟ್ಟು ಕಾಯಿಸಿ ಅದರ ಮೇಲೆ ಕಾರ್ಬನ್ ಮಾನಾಕ್ಸೈಡನ್ನು ಹಾಯಿಸುವುದು ಕ್ರಮ. ಉಳಿದ ವಿಷಾನಿಲ ಕೋಣೆಗೆ ಹರಡದಿರಲೆಂದು ನಳಿಕೆಯ ತುದಿಯಲ್ಲಿ ಅದನ್ನು ಹೊತ್ತಿಸಿ ಸುಡುತ್ತಿದ್ದರು. 1889ರಲ್ಲಿ ಹೀಗೊಂದು ಪ್ರಯೋಗ ಮುಗಿದು ನಳಿಕೆ ತಣ್ಣಗಾಗುತ್ತಿದ್ದಾಗ, ತೆಳುನೀಲಿಯಾಗಿರಬೇಕಾಗಿದ್ದ ಜ್ವಾಲೆ ಹಸಿರು ಹಳದಿ ಬೆರೆತ ಕಾಂತಿಯಿಂದ ಬೆಳಗಿತು. ಬಿಸಿಯಲ್ಲಿ ಕಾಣದ ಬಣ್ಣ ತಣ್ಣಗಾಗುವಾಗ ಏಕೆ ಬಂದಿತು? ಅನಿಲವು ಹೊರಹೋಗುವ ಗಾಜಿನ ನಳಿಕೆಯನ್ನು ಒಂದೆಡೆ ಕಾಯಿಸಿದರು. ಒಳಮೈಯಲ್ಲಿ ಬೆಳ್ಳಗೆ ಹೊಳೆಯುವ ಲೋಹದ ಕನ್ನಡಿ ಮೂಡಿತು. ಪರೀಕ್ಷಿಸಿದರೆ ಅದು ಶುದ್ಧವಾದ ನಿಕಲ್!

ಲೋಹ ತನ್ನ ಸ್ಥಾನವನ್ನು ಬಿಟ್ಟು, ಕಣ್ಣಿಗೆ ಕಾಣದ ರೂಪದಲ್ಲಿ ಅನಿಲದೊಡನೆ ಪಯಣಿಸಿ, ಬಿಸಿ ತಗುಲಿದೊಡನೆ ಮತ್ತೆ ಲೋಹವಾಗಿ ನಿಂತಿದ್ದಿತು. ಮೊದಲು ಅವರೇ ನಂಬಲಿಲ್ಲ. ಅನಿಲವನ್ನು ಶುದ್ಧಿ ಮಾಡಿ ಮತ್ತೆ ಮತ್ತೆ ನೋಡಿದರು. ಕೊನೆಗೆ ಆ ಆವಿಯನ್ನು ಹಿಮಮಿಶ್ರಣದಲ್ಲಿ ತಣಿಸಿದಾಗ ನೀರಿನಂತೆ ಬಣ್ಣವಿಲ್ಲದ, ನೀರಿಗಿಂತ ಭಾರವಾದ ಒಂದು ದ್ರವ ದೊರೆತಿತು. ಅದು 43 ಡಿಗ್ರಿಯಲ್ಲಿ ಕುದಿಯುತ್ತದೆ. ಒಂದು ನಿಕಲ್ ಪರಮಾಣುವಿಗೆ ನಾಲ್ಕು ಕಾರ್ಬನ್ ಮಾನಾಕ್ಸೈಡ್ ಅಣುಗಳು ಸೇರಿದ ಸಂಯುಕ್ತ. ಹೆಸರು ನಿಕಲ್ ಕಾರ್ಬನಿಲ್. ಸುಮಾರು 50 ಡಿಗ್ರಿಯಲ್ಲಿ ಹುಟ್ಟುತ್ತದೆ, 180 ಡಿಗ್ರಿಯ ಮೇಲೆ ಒಡೆದು ನಿಕಲ್ಲನ್ನು ಉದುರಿಸಿ ಅನಿಲವನ್ನು ಬಿಡುಗಡೆ ಮಾಡುತ್ತದೆ. 1890ರಲ್ಲಿ ಮೂವರೂ ಸೇರಿ ಇದನ್ನು ಲಂಡನ್ನಿನ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾರ್ಬನಿಲ್ ರಸಾಯನಶಾಸ್ತ್ರದ ವಿಶಾಲವಾದ ಶಾಖೆ ಇಲ್ಲಿಂದ ಬೆಳೆಯಿತು. ಭಾರಲೋಹಗಳಿಗೆ ರೆಕ್ಕೆ ಕಟ್ಟಿದವನು ಮಾಂಡ್ ಎಂದು ಮಹಾವಿಜ್ಞಾನಿ ಕೆಲ್ವಿನ್ ಕೊಂಡಾಡಿದನೆಂದು ಪ್ರಸಿದ್ಧವಾಗಿದೆ. ನಮ್ಮ ಪುರಾಣಗಳಲ್ಲಿ ಪರ್ವತಗಳಿಗೇ ರೆಕ್ಕೆಗಳಿದ್ದವು. ಇಂದ್ರನು ಅವನ್ನು ಕತ್ತರಿಸಿದನು. ಮೈನಾಕನೊಬ್ಬನು ಸಮುದ್ರದಲ್ಲಿ ಅಡಗಿ ರೆಕ್ಕೆಯುಳಿಸಿಕೊಂಡನು. ಕೆಲ್ವಿನ್‌ಗೆ ಮೈನಾಕನ ಕಥೆ ತಿಳಿದಿತ್ತೋ ಇಲ್ಲವೋ, ಉಪಮೆ ಮಾತ್ರ ಒಂದೇ.

1891ರಲ್ಲಿ ಕಬ್ಬಿಣವೂ ಹೀಗೆಯೇ ಹಾರುತ್ತದೆಂದು ಮಾಂಡ್ ಮತ್ತು ಕ್ವಿಂಕೆ ತೋರಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಬರ್ತೆಲೊ ಸ್ವತಂತ್ರವಾಗಿ ಅದನ್ನು ಕಂಡನು. ಆ ವರ್ಷವೇ ಮಾಂಡ್ ರಾಯಲ್ ಸೊಸೈಟಿಯ ಸದಸ್ಯನಾದನು.

ಕುತೂಹಲದಿಂದ ದೊರೆತುದನ್ನು ಉದ್ಯಮವನ್ನಾಗಿಸುವುದು ಅವನ ಎರಡನೆಯ ಪ್ರತಿಭೆ. ಕೆನಡಾದ ಸಡ್‌ಬರಿ ಪ್ರಾಂತದಲ್ಲಿ ನಿಕಲ್ಲೂ ತಾಮ್ರವೂ ಬೆರೆತ ಅದಿರು ಹೇರಳವಾಗಿದ್ದಿತು. ಅವೆರಡನ್ನು ಬೇರ್ಪಡಿಸುವುದೇ ದುಸ್ತರವಾಗಿದ್ದಿತು. ಕಾರ್ಬನ್ ಮಾನಾಕ್ಸೈಡಿಗೆ ತಾಮ್ರ ಬೇಡ, ನಿಕಲ್ ಬೇಕು. ಹಂಸವು ಹಾಲನ್ನು ಆರಿಸಿಕೊಳ್ಳುವಂತೆ ಆ ಅನಿಲ ನಿಕಲ್ಲನ್ನಷ್ಟೇ ಆರಿಸಿಕೊಂಡು ಹೋಗುತ್ತದೆ. ಬರ್ಮಿಂಗ್‌ಹ್ಯಾಂ ಬಳಿಯ ಸ್ಮೆದಿಕ್‌ನಲ್ಲಿ ಕೆಲವು ವರ್ಷ ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿ, 1900ರಲ್ಲಿ ಮಾಂಡ್ ನಿಕಲ್ ಕಂಪನಿಯನ್ನು ಸ್ಥಾಪಿಸಿ, 1902ರಲ್ಲಿ ವೇಲ್ಸ್ ದೇಶದ ಸ್ವಾನ್ಸೀ ಸಮೀಪದ ಕ್ಲಿಡಾಕ್‌ನಲ್ಲಿ ಕಾರ್ಖಾನೆಯನ್ನು ತೆರೆದನು. ಅದಿರಿನಿಂದ ಬಂದ ಮಿಶ್ರಣವನ್ನು ಹುರಿದು, ತಾಮ್ರದ ಬಹುಭಾಗವನ್ನು ಗಂಧಕಾಮ್ಲದಿಂದ ತೆಗೆದು, ಉಳಿದುದನ್ನು ಜಲಜನಕವಿರುವ ಅನಿಲದಿಂದ ಲೋಹದ ಪುಡಿಯಾಗಿಸಿ, ಆ ಪುಡಿಯ ಮೇಲೆ ಕಾರ್ಬನ್ ಮಾನಾಕ್ಸೈಡನ್ನು ಹಾಯಿಸುತ್ತಿದ್ದರು. ಹಾರಿಬಂದ ನಿಕಲ್ಲಿನ ಆವಿ ಬಿಸಿಯಾದ ಸಣ್ಣ ನಿಕಲ್ ಕಾಳುಗಳ ನಡುವೆ ಹರಿಯುವಾಗ ಒಡೆದು ಕಾಳಿನ ಮೇಲೆ ಪದರವಾಗಿ ಕೂರುತ್ತಿದ್ದಿತು. ಬಿಡುಗಡೆಯಾದ ಅನಿಲ ಮತ್ತೆ ಮೊದಲಿನ ಕೆಲಸಕ್ಕೆ.

ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಸಿಯ ತಟ್ಟೆಯಲ್ಲಿ ಎಳ್ಳನ್ನು ಆಡಿಸುತ್ತ ಸಕ್ಕರೆಯ ಪಾಕವನ್ನು ತೊಟ್ಟು ತೊಟ್ಟಾಗಿ ಚಿಮುಕಿಸಿದರೆ ಪದರದ ಮೇಲೆ ಪದರ ಬೆಳೆದು ಎಳ್ಳು ಬಿಳಿಯ ಮಣಿಯಾಗುತ್ತದೆ. ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ತಾಯಂದಿರು ಈ ಕೆಲಸವನ್ನು ಕೈಬಿಟ್ಟಿಲ್ಲ. ಕ್ಲಿಡಾಕ್‌ನ ನಿಕಲ್ ಕಾಳನ್ನು ಕೊಯ್ದರೂ ಒಳಗೆ ಅಂತಹವೇ ಪದರಗಳು. ಅದರ ಪರಿಶುದ್ಧಿ ನೂರಕ್ಕೆ 99.9ಕ್ಕೂ ಮಿಗಿಲು.

ಇಲ್ಲಿಯೇ ನಾನು ಮೊದಲು ಹೇಳಿದ ಅಧ್ಯಾಯ ಬರುತ್ತದೆ. ನಿಕಲ್ ಕಾರ್ಬನಿಲ್ ಘೋರವಾದ ವಿಷ. ತನ್ನನ್ನು ಹೆತ್ತ ಕಾರ್ಬನ್ ಮಾನಾಕ್ಸೈಡಿಗಿಂತಲೂ ಘೋರ. ಅದನ್ನು ಉಸಿರಾಡಿದವನಿಗೆ ಮೊದಲು ತಲೆನೋವು, ತಲೆಸುತ್ತು. ಹೊರಗಿನ ಗಾಳಿಗೆ ಬಂದರೆ ಎಲ್ಲವೂ ಸರಿಹೋದಂತೆ ತೋರುತ್ತದೆ. ಅವನು ಮನೆಗೆ ಹೋಗಿ ಉಣ್ಣುತ್ತಾನೆ, ಮಲಗುತ್ತಾನೆ. ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಎದೆ ಬಿಗಿದು ಉಸಿರು ಕಟ್ಟತೊಡಗುತ್ತದೆ. ಕ್ಲಿಡಾಕ್‌ನ ಆರಂಭದ ದಿನಗಳಲ್ಲಿ ಕೊಳವೆಗಳ ಸಂದುಗಳಿಂದ ಸೋರಿದ ಈ ಆವಿಗೆ ಸಿಕ್ಕಿ ಕೆಲಸಗಾರರು ಕಾಯಿಲೆ ಬಿದ್ದರು, ಕೆಲವರು ಸತ್ತರು. ಯಂತ್ರಗಳನ್ನು ತಿದ್ದಿದರು, ಸೋರಿಕೆಯನ್ನು ತಡೆಯುವ ಏರ್ಪಾಡುಗಳನ್ನು ಮಾಡಿದರು. ವಿಷದ ಸ್ವರೂಪವನ್ನು ವೈದ್ಯಶಾಸ್ತ್ರಜ್ಞರು ಪರಿಶೀಲಿಸಿದರು. ಅಲ್ಲಿಗೆ ಮುಗಿಯಲಿಲ್ಲ. ಮಾಂಡ್ ತೀರಿಕೊಂಡು ಇಪ್ಪತ್ತು ವರ್ಷಗಳಿಗೂ ಮೇಲಾದ ತರುವಾಯ, 1930ರ ದಶಕದಲ್ಲಿ, ಆ ಕಾರ್ಖಾನೆಯ ಹಳೆಯ ಕೆಲಸಗಾರರಲ್ಲಿ ಮೂಗಿನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಎಲ್ಲಿಯೂ ಇಲ್ಲದಷ್ಟು ಹೆಚ್ಚಾಗಿರುವುದು ಬೆಳಕಿಗೆ ಬಂದಿತು. ಮೊದಲು ಸಂದೇಹ ಹೋದುದು ಕಾರ್ಬನಿಲ್ಲಿನ ಮೇಲೆಯೇ. ದಶಕಗಳ ಸಂಶೋಧನೆಯಿಂದ ತಿಳಿದುಬಂದುದು ಬೇರೆ: ಅದಿರಿನ ಮಿಶ್ರಣವನ್ನು ಹುರಿಯುವ ಕುಲುಮೆಗಳ ಬಳಿಯ ನಿಕಲ್ ಸಂಯುಕ್ತಗಳ ಧೂಳೇ ಮುಖ್ಯ ಕಾರಣ. ಧೂಳನ್ನು ಕಡಿಮೆ ಮಾಡಿ ವಿಧಾನವನ್ನು ಬದಲಾಯಿಸಿದ ಮೇಲೆ ಸೇರಿದವರಲ್ಲಿ ಆ ರೋಗ ಇಳಿಮುಖವಾಯಿತು. ಮೊದಲೇ ಸೇರಿದ್ದವರಿಗೆ ಆ ಬದಲಾವಣೆಯಿಂದ ಏನೂ ಆಗಲಿಲ್ಲ.

ಪಾಳಿಯನ್ನು 8 ಗಂಟೆಗೆ ಇಳಿಸಿದ ಧಣಿಯ ಕಾರ್ಖಾನೆಯಲ್ಲಿಯೇ ಇದು ನಡೆಯಿತು. ಮಾಂಡನಿಗೆ ಧೂಳಿನ ಅಪಾಯ ತಿಳಿದಿರಲಿಲ್ಲವೆನ್ನಬಹುದು. ಅವನ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅನಿಲದ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ನಳಿಕೆಯ ತುದಿಯಲ್ಲಿ ವಿಷಾನಿಲವನ್ನು ಸುಡುವಷ್ಟು ಎಚ್ಚರ ಲಂಡನ್ನಿನ ಪ್ರಯೋಗಾಲಯದಲ್ಲಿದ್ದಿತು. ಅಷ್ಟೇ ಎಚ್ಚರ ಕ್ಲಿಡಾಕ್‌ನ ಮೊದಲ ದಿನಗಳಲ್ಲಿ ಇರಲಿಲ್ಲ. ಅವನ ದೊಡ್ಡತನವನ್ನು ಒಪ್ಪುವ ನಾನು ಇದನ್ನು ಸಣ್ಣ ದೋಷವೆಂದು ಒಪ್ಪಲಾರೆ. ಕಾಯಕ ಮಾಡುವವನ ಪ್ರಾಣ ಹೋದ ಮೇಲೆ ಕಾಯಕವೆಲ್ಲಿ?

ಗಳಿಸಿದುದನ್ನು ಅವನು ಹೇಗೆ ಕೊಟ್ಟನೆಂಬುದನ್ನೂ ಅಷ್ಟೇ ನಿರ್ದಾಕ್ಷಿಣ್ಯವಾಗಿ ಹೇಳಬೇಕು. ಹಂಫ್ರಿ ಡೇವಿ ಮತ್ತು ಮೈಕೇಲ್ ಫ್ಯಾರಡೆ ದುಡಿದ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪಕ್ಕದ ಕಟ್ಟಡವನ್ನು ಕೊಂಡು, ಸಲಕರಣೆಗಳಿಂದ ಸಜ್ಜುಗೊಳಿಸಿ, ನಡೆಸಲು ಮೂಲಧನವನ್ನೂ ಇಟ್ಟು, 1896ರಲ್ಲಿ ಸಂಶೋಧನಾಲಯವೊಂದನ್ನು ಅರ್ಪಿಸಿದನು. ಸ್ತ್ರೀ ಪುರುಷರೆಂಬ ಭೇದವಿಲ್ಲದೆ, ಯಾವ ದೇಶದವರೆಂದು ಕೇಳದೆ, ಯೋಗ್ಯರಾದವರೆಲ್ಲರೂ ಅಲ್ಲಿ ಸಂಶೋಧನೆ ಮಾಡಬಹುದಾಗಿದ್ದಿತು. ಅದಕ್ಕೆ ಇಟ್ಟ ಹೆಸರು ಡೇವಿ ಫ್ಯಾರಡೆ ಸಂಶೋಧನಾಲಯ. ಕೊಟ್ಟವನ ಹೆಸರು ಅದರಲ್ಲಿಲ್ಲ. ಒಂದು ಬೆಂಚು ಕೊಟ್ಟರೂ ಅದರ ಬೆನ್ನಿನ ಮೇಲೆ ಹೆಸರು ಕೊರೆಸುವ ದಾನಿಗಳನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಸಂಸ್ಥೆಯ ದಾನಿಗಳು ಮನ್ನಿಸಬೇಕು, ಅವರನ್ನು ಕುರಿತ ಮಾತಲ್ಲ ಇದು.

ಬೆಂಗಳೂರಿನ ವಾಚಕರಿಗೆ ಇಲ್ಲೊಂದು ನೆಂಟಸ್ತಿಕೆಯ ಎಳೆ ಸಿಗುತ್ತದೆ. 1890ರ ದಶಕದಲ್ಲಿ, ಪ್ಲಾಟಿನಂ ಪುಡಿಯು ಜಲಜನಕ ಆಮ್ಲಜನಕಗಳನ್ನು ಹೇಗೆ ಹೀರಿಕೊಳ್ಳುತ್ತದೆಂಬುದನ್ನು ಕುರಿತು ಮಾಂಡನೊಡನೆ ಸಂಶೋಧನೆ ನಡೆಸಿದವರಲ್ಲಿ ವಿಲಿಯಂ ರಾಮ್ಸೆ ಒಬ್ಬನು. ಜಮ್‌ಷೆಟ್‌ಜಿ ಟಾಟಾ ಅವರು ಭಾರತದಲ್ಲಿ ವಿಜ್ಞಾನ ಮಂದಿರವನ್ನು ಕಟ್ಟಲು ಸಂಕಲ್ಪಿಸಿದಾಗ, 1900ರಲ್ಲಿ ನಮ್ಮ ದೇಶಕ್ಕೆ ಬಂದು ಸುತ್ತಾಡಿ ಬೆಂಗಳೂರೇ ಪ್ರಶಸ್ತವೆಂದು ಸೂಚಿಸಿದವನೂ ಇದೇ ರಾಮ್ಸೆ. ಅವನೊಡನೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಇಲ್ಲಿಗೆ ಬಂದು ಮೊದಲ ನಿರ್ದೇಶಕನಾದನು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರಿನವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪಿತವಾಗಿ, 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅದರ ಮೊದಲ ವಿಭಾಗಗಳಲ್ಲಿ ರಸಾಯನಶಾಸ್ತ್ರವೇ ಪ್ರಧಾನವಾಗಿದ್ದಿತು. ಲಂಡನ್ನಿನ ಉದ್ಯಮಿಯೂ ಮುಂಬಯಿಯ ಉದ್ಯಮಿಯೂ ಒಬ್ಬರನ್ನೊಬ್ಬರು ಅನುಸರಿಸಿದರೆಂದಲ್ಲ. ಒಂದೇ ದಶಕದಲ್ಲಿ ಇಬ್ಬರಿಗೂ ಒಂದೇ ಬುದ್ಧಿ ಹೊಳೆಯಿತು, ಇಬ್ಬರಿಗೂ ಬೇಕಾದ ವಿದ್ವಾಂಸನು ಒಬ್ಬನೇ ಆಗಿದ್ದನು.

ಮಾಂಡನ ಇತರ ಕಾರ್ಯಗಳನ್ನು ವಿಸ್ತರಿಸಲು ಇಲ್ಲಿ ಎಡೆಯಿಲ್ಲ. ಕೀಳುದರ್ಜೆಯ ಕಲ್ಲಿದ್ದಲಿನಿಂದ ಉರಿಸುವ ಅನಿಲವನ್ನೂ ಗೊಬ್ಬರಕ್ಕೆ ಬೇಕಾದ ಅಮೋನಿಯಾವನ್ನೂ ಒಟ್ಟಿಗೆ ಪಡೆಯುವ ವಿಧಾನ ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅನಿಲಗಳ ಸಂಯೋಗದಿಂದ ನೇರವಾಗಿ ವಿದ್ಯುತ್ತನ್ನು ಪಡೆಯುವ ಕೋಶವನ್ನೂ ಲಾಂಗರನೊಡನೆ 1889ರಲ್ಲಿ ರಚಿಸಿದ್ದನು. ಚಳಿಗಾಲವನ್ನು ರೋಮ್ ನಗರದಲ್ಲಿ ಕಳೆಯುತ್ತ ಇಟಲಿಯ ಹಳೆಯ ಚಿತ್ರಗಳನ್ನು ಸಂಗ್ರಹಿಸಿದನು.

1909ನೆಯ ಡಿಸೆಂಬರ್ 11ರಂದು ಲಂಡನ್ನಿನ ಮನೆಯಲ್ಲಿ ಅವನು ತೀರಿಕೊಂಡನು. ಉಯಿಲಿನಲ್ಲಿ ರಾಯಲ್ ಸೊಸೈಟಿಗೆ 50,000 ಪೌಂಡು, ತನಗೆ ಪದವಿ ದೊರೆಯದಿದ್ದ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ 50,000 ಪೌಂಡು. ಪತ್ನಿಯು 1923ರಲ್ಲಿ ಗತಿಸಿದ ಬಳಿಕ ರಾಫೆಲ್ ರಚಿಸಿದ ಶಿಲುಬೆಯ ಚಿತ್ರವೂ ಸೇರಿದಂತೆ 42 ಚಿತ್ರಗಳು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯನ್ನು ಸೇರಿದವು. ಕಿರಿಯ ಮಗ ಆಲ್‌ಫ್ರೆಡ್ 1926ರಲ್ಲಿ ಬ್ರನ್ನರ್ ಮಾಂಡ್ ಮೊದಲಾದ ಕಂಪನಿಗಳನ್ನು ಒಂದುಗೂಡಿಸಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ಮಹಾಸಂಸ್ಥೆಯನ್ನು ಕಟ್ಟಿದನು. ಕ್ಲಿಡಾಕ್‌ನಲ್ಲಿ ಲುಡ್ವಿಗನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು.

ಕಥೆ ಇಲ್ಲಿಗೆ ನಿಲ್ಲಬಹುದಾಗಿದ್ದಿತು. ಆದರೆ ಮಾಂಡನ ಹೆಸರಿನಲ್ಲಿ ಒಂದು ಸಂಶೋಧನಾ ಪ್ರಬಂಧ 1910ರಲ್ಲಿ, ಅವನ ಮರಣಾನಂತರ, ಹಿರ್ಟ್ಜ್ ಮತ್ತು ಕೊವಾಪ್ ಎಂಬ ಸಹಾಯಕರ ಹೆಸರುಗಳೊಡನೆ ಪ್ರಕಟವಾಯಿತು. ಈ ಬಾರಿ ಲೋಹ ಕೋಬಾಲ್ಟ್. ಅದು ನಿಕಲ್ಲಿನಷ್ಟು ಸುಲಭವಾಗಿ ವಶವಾಗಲಿಲ್ಲ. ಕಾರ್ಬನ್ ಮಾನಾಕ್ಸೈಡನ್ನು ಅಧಿಕವಾದ ಒತ್ತಡದಲ್ಲಿ ಹಾಯಿಸಬೇಕಾಯಿತು. ದೊರೆತುದು ದ್ರವವಲ್ಲ, ಕಿತ್ತಳೆಯ ಬಣ್ಣದ ಹರಳು. ಆ ಹರಳನ್ನು ಸುಮಾರು 60 ಡಿಗ್ರಿಗೆ ಕಾಯಿಸಿದಾಗ ಅದು ಅನಿಲದ ಒಂದು ಭಾಗವನ್ನು ಬಿಟ್ಟುಕೊಟ್ಟು ಕಪ್ಪು ಹರಳಾಯಿತು. ಅಷ್ಟರಲ್ಲಿ ಡೇವಿ ಫ್ಯಾರಡೆ ಸಂಶೋಧನಾಲಯದ ನಿರ್ದೇಶಕನಾಗಿದ್ದ ಜೇಮ್ಸ್ ಡ್ಯೂವರ್, ಹಂಫ್ರಿ ಓವೆನ್ ಜೋನ್ಸ್ ಎಂಬ ವಿದ್ವಾಂಸನೊಡನೆ ಕೂಡಿ, ಮಾಂಡನ ಕಬ್ಬಿಣದ ಕಾರ್ಬನಿಲ್ಲನ್ನು ಬಿಸಿಲಿನಲ್ಲಿಟ್ಟು ಹೊಂಬಣ್ಣದ ಹರಳುಗಳನ್ನೂ, ಅವನ್ನು ಟಾಲೀನಿನಂತಹ ದ್ರವದಲ್ಲಿ ಕಾಯಿಸಿ ಕಡುಹಸಿರು ಹರಳುಗಳನ್ನೂ ಪಡೆದಿದ್ದನು.

ಈ ಬಣ್ಣದ ಹರಳುಗಳ ಒಳಗೆ ಏನಿದೆಯೆಂದು ಹೇಳುವ ಸಾಧನ ಆ ಕಾಲದಲ್ಲಿರಲಿಲ್ಲ. ಮ್ಯೂನಿಕ್ಕಿನ ವಾಲ್ಟರ್ ಹೀಬರ್ ಜೀವಮಾನವೆಲ್ಲ ಇವುಗಳಿಗಾಗಿಯೇ ದುಡಿದನು. ಶತಮಾನದ ಮಧ್ಯಭಾಗದ ಬಳಿಕ ಕ್ಷಕಿರಣಗಳ ಮೂಲಕ ಹರಳುಗಳ ಅಂತರಂಗ ತೆರೆದುಕೊಂಡಿತು. ಕಡುಹಸಿರು ಹರಳಿನಲ್ಲಿ ಮೂರು ಕಬ್ಬಿಣದ ಪರಮಾಣುಗಳು ತ್ರಿಕೋನವಾಗಿ ಒಂದಕ್ಕೊಂದು ಕೈಹಿಡಿದು ನಿಂತಿದ್ದವು. ಸುತ್ತಲೂ ಹನ್ನೆರಡು ಕಾರ್ಬನ್ ಮಾನಾಕ್ಸೈಡುಗಳು. ಮಾಂಡನ ಕಪ್ಪು ಹರಳಿನಲ್ಲಿ ನಾಲ್ಕು ಕೋಬಾಲ್ಟ್ ಪರಮಾಣುಗಳು, ಮುಕ್ಕಾಲುಪೀಠದ ಮೂರು ಕಾಲುಗಳಂತೆ ಮೂರು ಕೆಳಗೆ, ಒಂದು ಮೇಲೆ, ಸುತ್ತಲೂ ಹನ್ನೆರಡೇ. ಹೀಗೆ ಲೋಹದ ಪರಮಾಣುಗಳೇ ಪರಸ್ಪರ ಬೆಸೆದುಕೊಂಡ ಸಂಯುಕ್ತಗಳಿಗೆ ಪಶ್ಚಿಮದವರು ಕ್ಲಸ್ಟರ್ ಎಂದು ಹೆಸರಿಟ್ಟರು. ನಮ್ಮ ಅಧ್ಯಾಪಕ ಮಿತ್ರರು ಗುಚ್ಛವೆಂದು ಬರೆಯುತ್ತಾರೆ. ನನಗೆ ಗೊಂಚಲು ಎಂಬ ಅಚ್ಚಗನ್ನಡದ ಮಾತೇ ಹಿತವೆನಿಸುತ್ತದೆ.

ಲೋಹಗಳು ಹೀಗೆ ಗೊಂಚಲಾಗುವುದೇಕೆಂದು ಕೇಳಿದಾಗ ಮಿತ್ರರು ಕೊಟ್ಟ ಉತ್ತರ ಛಂದಸ್ಸನ್ನು ಕಲಿಸುವವನಿಗೆ ಕೂಡಲೇ ಅರ್ಥವಾಯಿತು. ಪದ್ಯದ ಪಾದದಲ್ಲಿ ಮಾತ್ರೆಗಳ ಲೆಕ್ಕ ತುಂಬಬೇಕಾದಂತೆ ಇಲ್ಲಿ ಪ್ರತಿಯೊಂದು ಲೋಹ ಪರಮಾಣುವಿನ ಸುತ್ತ 18 ಎಲೆಕ್ಟ್ರಾನುಗಳ ಲೆಕ್ಕ ತುಂಬಬೇಕು. ನಿಕಲ್ಲಿನದು ಹೊರಗಣ 10; ಪ್ರತಿಯೊಂದು ಕಾರ್ಬನ್ ಮಾನಾಕ್ಸೈಡ್ 2 ತರುತ್ತದೆ; ನಾಲ್ಕು ಬಂದರೆ ಒಟ್ಟು 18, ಲೆಕ್ಕ ಸರಿ. ಆದುದರಿಂದ ನಿಕಲ್ ಒಂಟಿಯಾಗಿಯೇ ಹಾರಿತು. ಕೋಬಾಲ್ಟಿನದು 9. ನಾಲ್ಕು ಅನಿಲಗಳಿಂದ 8 ಬಂದರೂ 17, ಒಂದು ಕಡಿಮೆ. ಆ ಒಂದಕ್ಕಾಗಿ ಅದು ಇನ್ನೊಂದು ಕೋಬಾಲ್ಟಿನ ಕೈಹಿಡಿದು ಕಿತ್ತಳೆಯ ಹರಳಾಯಿತು. ಕಾಯಿಸಿದಾಗ ಪ್ರತಿಯೊಂದೂ ಒಂದೊಂದು ಅನಿಲವನ್ನು ಕಳೆದುಕೊಂಡು 15ಕ್ಕೆ ಇಳಿಯಿತು. ಮೂರು ಕಡಿಮೆ, ಮೂವರು ನೆರೆಯವರು ಬೇಕು. ನಾಲ್ಕು ಕೋಬಾಲ್ಟುಗಳು ಒಟ್ಟಾಗಿ ನಿಂತರೆ ಪ್ರತಿಯೊಂದಕ್ಕೂ ನೆರೆಯವರು ಮೂವರು. ಮಾಂಡ್ ಕಣ್ಣಾರೆ ಕಾಣದೆ ಹೋದ ಪ್ರಬಂಧದೊಳಗಿನ ಕಪ್ಪು ಹರಳು ಅದು.